ಇಂಗ್ಲಿಷ್ ಡಿಕ್ಷನರಿ, ಥೆಸಾರಸ್ ಆರಿಸುವುದು ಹೇಗೆ?

ಇಂಗ್ಲಿಷ್ ಡಿಕ್ಷನರಿ ಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ಅದರ ದಪ್ಪವನ್ನು. ಆಮೇಲೆ ಹೊದಿಕೆಯ ಮೇಲಿನ ಪದಗಳ ಲೆಕ್ಕ. ಪದ ಜಾಸ್ತಿ ಇದ್ದರೆ ಉಪಯೋಗವೂ ಜಾಸ್ತಿ ಅನ್ನಿಸುವುದು ಸಹಜ. ಆದರೆ ಬರೆಯಲು ಕೂತಾಗ ನಮ್ಮನ್ನು ಕಾಡುವುದು ಸಜೆಸ್ಟ್, ಅಡ್ವೈಸ್, ಡಿಸ್ಕಸ್‌ನಂಥ ದಿನಬಳಕೆಯ ಪದಗಳೇ. ಇವು ಎಷ್ಟು ಚಿಕ್ಕ ಡಿಕ್ಷನರಿಯಲ್ಲೂ ಸಿಗುತ್ತವೆ. ಇವುಗಳ ಬಗ್ಗೆ ಆ ಪುಸ್ತಕ ಏನೇನು ಹೇಳುತ್ತದೆ ಎಂಬುದನ್ನು ನೋಡಿ ಆರಿಸಬೇಕು.

1. ಯಾವ ಕೆಲಸಕ್ಕೆ ಬೇಕು?

ಡಿಕ್ಷನರಿ ತೆರೆಯುವ ಸಂದರ್ಭಗಳು ಮುಖ್ಯವಾಗಿ ಎರಡು. ಓದುವಾಗ ಗೊತ್ತಿಲ್ಲದ ಪದ ಎದುರಾಗುತ್ತದೆ. ಬರೆಯುವಾಗ, ಗೊತ್ತಿರುವ ಪದವನ್ನೇ ವಾಕ್ಯದಲ್ಲಿ ಹೇಗೆ ಕೂರಿಸುವುದು ಎಂಬ ಅನುಮಾನ ಬರುತ್ತದೆ. ಮೊದಲನೆಯದಕ್ಕೆ ಅರ್ಥ ತಿಳಿದರೆ ಸಾಕು. ಎರಡನೆಯದಕ್ಕೆ ಇನ್ನೂ ಬಹಳಷ್ಟು ಬೇಕು. ಆ ಪದದ ಮುಂದೆ ಯಾವ ಪ್ರಿಪೊಸಿಷನ್ ಬರುತ್ತದೆ, ಬಹುವಚನ ಇದೆಯೋ ಇಲ್ಲವೋ, ಆಫೀಸಿನ ಪತ್ರಕ್ಕೆ ಹೊಂದುತ್ತದೆಯೋ ಗೆಳೆಯರ ಮಾತಿಗೆ ಮಾತ್ರವೋ, ಇವೆಲ್ಲ ಗೊತ್ತಾಗಬೇಕು. ತಾಯ್ನುಡಿಯಲ್ಲಿ ಅರ್ಥ ಕೊಡುವ ಡಿಕ್ಷನರಿ ಓದಿಗೆ ಒಳ್ಳೆಯ ಜೊತೆಗಾರ. ಬರವಣಿಗೆಗೆ ಅದೊಂದೇ ಸಾಲದು.

2. ಲರ್ನರ್ಸ್ ಡಿಕ್ಷನರಿಯನ್ನು ಕೀಳಾಗಿ ಕಾಣಬೇಡಿ

ಇಂಗ್ಲಿಷ್ ಡಿಕ್ಷನರಿಗಳಲ್ಲಿ ಎರಡು ದೊಡ್ಡ ಗುಂಪುಗಳಿವೆ. ಇಂಗ್ಲಿಷನ್ನು ಹುಟ್ಟಿನಿಂದ ಆಡುವವರಿಗಾಗಿ ಮಾಡಿದವು ಒಂದು. ಕಲಿತು ಬಳಸುವವರಿಗಾಗಿ ಮಾಡಿದವು ಇನ್ನೊಂದು. ಈ ಎರಡನೆಯದೇ ಲರ್ನರ್ಸ್ ಡಿಕ್ಷನರಿ. ಹೆಸರು ಕೇಳಿ ಇದು ಶಾಲೆಯ ಮಕ್ಕಳಿಗೆ ಎಂದುಕೊಂಡು ಬಿಟ್ಟುಬಿಡುವವರು ಬಹಳ. ವರ್ಷಗಳಿಂದ ಇಂಗ್ಲಿಷಿನಲ್ಲಿ ಬರೆಯುತ್ತಿರುವವರಿಗೂ ನಾನು ಮೊದಲು ಹೇಳುವುದು ಇದನ್ನೇ ಕೊಳ್ಳಿ ಎಂದು.

ಇದರ ಹುಟ್ಟನ್ನು ನೋಡಿದರೆ ಕಾರಣ ತಿಳಿಯುತ್ತದೆ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಕಲಿಯುವವರಿಗೆ ಪದದ ಅರ್ಥದ ಜೊತೆಗೆ ಅದನ್ನು ಬಳಸುವ ರೀತಿಯೂ ಬೇಕು ಎಂದು ಅವರು ಇಬ್ಬರು ಜೊತೆಗಾರರೊಡನೆ ಒಂದು ಡಿಕ್ಷನರಿ ಸಿದ್ಧಪಡಿಸಿದರು. ಅದು 1942ರಲ್ಲಿ ಜಪಾನಿನಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಅದೇ ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ. ಅದರ 10ನೇ ಆವೃತ್ತಿ ಬಂದದ್ದು 2020ರಲ್ಲಿ.

1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅರ್ಥ ಹೇಳಲು ಸುಮಾರು 2,000 ಸರಳ ಪದಗಳನ್ನಷ್ಟೇ ಬಳಸುವ ಕಟ್ಟುಪಾಡು ಹಾಕಿಕೊಂಡಿತು. ಒಂದು ಪದದ ಅರ್ಥ ನೋಡಲು ಹೋಗಿ, ಆ ಅರ್ಥದೊಳಗಿನ ಪದಕ್ಕೆ ಮತ್ತೆ ಪುಟ ತಿರುಗಿಸುವ ಕಷ್ಟ ಇದರಿಂದ ತಪ್ಪಿತು. 1987ರ ಕಾಲಿನ್ಸ್ ಕೋಬಿಲ್ಡ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ಮುಂದಾಳತ್ವದಲ್ಲಿ ಆದ ಕೆಲಸ. ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ಕಂಪ್ಯೂಟರಿನಲ್ಲಿ ರಾಶಿ ಹಾಕಿ, ಅದರಿಂದ ಅರ್ಥಗಳನ್ನೂ ಉದಾಹರಣೆಗಳನ್ನೂ ಹೆಕ್ಕಿದರು. ಅದು ಅರ್ಥವನ್ನು ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ. ಹಾಗಾಗಿ ಅರ್ಥ ಓದುತ್ತಲೇ ಬಳಕೆಯೂ ಕಣ್ಣಿಗೆ ಬೀಳುತ್ತದೆ. ಕೇಂಬ್ರಿಜ್ ಲರ್ನರ್ಸ್ ಡಿಕ್ಷನರಿಯಲ್ಲಿ ಅನೇಕ ಪದಗಳ ಪಕ್ಕ ಎ1ರಿಂದ (ಕಲಿಕೆಯ ಆರಂಭ) ಸಿ2ರವರೆಗಿನ (ಪೂರ್ಣ ಪರಿಣತಿ) ಮಟ್ಟದ ಗುರುತು ಇರುತ್ತದೆ. ಯಾವುದನ್ನು ಮೊದಲು ಕಲಿಯಬೇಕು ಎಂದು ನಿರ್ಧರಿಸಲು ಅದು ಅನುಕೂಲ.

ಈ ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ನಷ್ಟವಿಲ್ಲ. ಸರಳ ವಿವರಣೆ ಬೇಕಿದ್ದರೆ ಲಾಂಗ್‌ಮನ್ ನೋಡಿ. ವಾಕ್ಯ ಕಟ್ಟುವುದರಲ್ಲಿ ಅಳುಕು ಇದ್ದರೆ ಕೋಬಿಲ್ಡ್ ನೋಡಿ.

3. ನಾಲ್ಕು ಪದಗಳ ಪರೀಕ್ಷೆ

ಕೊಳ್ಳುವ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಪದ ಬರೆದುಕೊಳ್ಳಿ. ಅವೇ ಪದಗಳನ್ನು ಎರಡು ಮೂರು ಡಿಕ್ಷನರಿಗಳಲ್ಲಿ ತೆರೆದು ನೋಡಿ. ಹತ್ತು ನಿಮಿಷದಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ.

ಮೊದಲನೆಯದು ಸಜೆಸ್ಟ್. ಈ ಕ್ರಿಯಾಪದದ ಮುಂದೆ 'ದಟ್' ಬರಬಹುದು, 'ಗೋಯಿಂಗ್'ನಂಥ ಐಎನ್‌ಜಿ ರೂಪ ಬರಬಹುದು. 'ಸಜೆಸ್ಟೆಡ್ ಮಿ ಟು ಗೋ' ಎಂದು ಬರೆದರೆ ತಪ್ಪು. ಇದನ್ನು ಆ ಡಿಕ್ಷನರಿ ಬಿಡಿಸಿ ಹೇಳುತ್ತದೆಯೇ? ಉದಾಹರಣೆ ವಾಕ್ಯ ಕೊಡುತ್ತದೆಯೇ? ಬರೀ ಅರ್ಥ ಕೊಟ್ಟು ಸುಮ್ಮನಾಗಿದ್ದರೆ ಅದನ್ನು ಓದಿಗಷ್ಟೇ ಇಟ್ಟುಕೊಳ್ಳಬಹುದು.

ಎರಡನೆಯದು ಸಲಹೆ ಎಂಬ ಅರ್ಥದ ನಾಮಪದ ಅಡ್ವೈಸ್. ಇದನ್ನು ಎಣಿಸುವಂತಿಲ್ಲ, ಎಸ್ ಸೇರಿಸಿ ಬಹುವಚನ ಮಾಡುವಂತಿಲ್ಲ. ಇನ್ಫರ್ಮೇಶನ್, ಫರ್ನಿಚರ್ ಕೂಡ ಹಾಗೆಯೇ. ಲರ್ನರ್ಸ್ ಡಿಕ್ಷನರಿಗಳು ಇಂಥವನ್ನು ಅನ್‌ಕೌಂಟಬಲ್ ಎಂದು ಗುರುತಿಸುತ್ತವೆ. ಇಂಗ್ಲಿಷ್ ಮನೆಮಾತಿನವರಿಗಾಗಿ ಮಾಡಿದ ಎಷ್ಟೋ ಡಿಕ್ಷನರಿಗಳಲ್ಲಿ ಈ ಗುರುತು ಇರುವುದಿಲ್ಲ. ಅವರಿಗೆ ಅದು ಮೊದಲೇ ಗೊತ್ತು, ಅಲ್ವಾ?

ಮೂರನೆಯದಾಗಿ ಚೈಲ್ಡಿಶ್, ಚೈಲ್ಡ್‌ಲೈಕ್ ಎರಡನ್ನೂ ನೋಡಿ. ಮಗುವಿನ ಗುಣ ಎರಡರಲ್ಲೂ ಇದೆ. ಆದರೆ ದೊಡ್ಡವರನ್ನು ಚೈಲ್ಡಿಶ್ ಎಂದರೆ ಬೈದ ಹಾಗೆ, ಚೈಲ್ಡ್‌ಲೈಕ್ ಎಂದರೆ ಹೊಗಳಿದ ಹಾಗೆ. ಇಂಥ ಕಡೆ ಮೆಚ್ಚುಗೆ, ತಿರಸ್ಕಾರ, ಹಳೆಯ ಬಳಕೆ, ಮನ ನೋಯಿಸುವ ಮಾತು ಎಂಬ ಗುರುತುಗಳು ಇರಲೇಬೇಕು.

ನಾಲ್ಕನೆಯದು ರನ್. ಹತ್ತಾರು ಅರ್ಥಗಳಿರುವ ಪದ. ಎಲ್ಲವನ್ನೂ ಒಂದೇ ಉದ್ದ ಪ್ಯಾರಾದಲ್ಲಿ ತುರುಕಿದ್ದಾರೆಯೇ? ಅಥವಾ ಪ್ರತಿ ಅರ್ಥದ ಮುಂದೆ ಚಿಕ್ಕ ಸೂಚನೆ ಇಟ್ಟು ದಾರಿ ತೋರಿಸಿದ್ದಾರೆಯೇ? ಅವಸರದಲ್ಲಿ ಹುಡುಕುವವರಿಗೆ ಈ ಸೂಚನೆಗಳಿಂದ ಬಹಳ ಸಹಾಯ.

4. ಅರ್ಥಗಳ ಸಾಲು, ಉಚ್ಚಾರ, ಕಾಗುಣಿತ

ಮೊದಲು ಕೊಟ್ಟ ಅರ್ಥವೇ ಮುಖ್ಯ ಅರ್ಥ ಎಂದು ನಾವು ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಎಲ್ಲ ಡಿಕ್ಷನರಿಗಳಲ್ಲೂ ಹಾಗಿರುವುದಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಎಂಬ ಮಹಾ ನಿಘಂಟು ಪದದ ಚರಿತ್ರೆಯ ಕ್ರಮದಲ್ಲಿ ಅರ್ಥಗಳನ್ನು ಜೋಡಿಸುತ್ತದೆ. ಅದರಲ್ಲಿ ನೈಸ್ ತೆರೆದರೆ ಮೊದಲು ಸಿಗುವುದು ದಡ್ಡ ಎಂಬ ಅರ್ಥ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ಕಾಲೇಜಿಯೇಟ್‌ನ 2003ರ 11ನೇ ಆವೃತ್ತಿಯದ್ದೂ ಚರಿತ್ರೆಯ ಕ್ರಮವೇ. ಲರ್ನರ್ಸ್ ಡಿಕ್ಷನರಿಗಳು ಸಾಮಾನ್ಯವಾಗಿ ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೊದಲು ಕೊಡುತ್ತವೆ. ನಿಮ್ಮ ಕೈಯಲ್ಲಿರುವುದು ಯಾವ ಕ್ರಮದ್ದು ಎಂದು ಮುನ್ನುಡಿಯ ಪುಟಗಳಲ್ಲಿ ಬರೆದಿರುತ್ತದೆ. ದಯವಿಟ್ಟು ಆ ಪುಟಗಳನ್ನು ಒಮ್ಮೆ ಓದಿ.

1989ರಲ್ಲಿ 20 ಸಂಪುಟಗಳಲ್ಲಿ ಬಂದ ಆ ಮಹಾ ನಿಘಂಟಿನ ಎರಡನೇ ಆವೃತ್ತಿ ಮನೆಗೆ ಬೇಕಿಲ್ಲ. ಹಳೆಯ ಸಾಹಿತ್ಯ ಓದುವವರಿಗೆ, ಒಂದು ಕಾಲದ ಕಥೆಯನ್ನು ಆ ಕಾಲದ ಪದಗಳಲ್ಲೇ ಬರೆಯುವವರಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಪದವೊಂದು ಮೊದಲು ಯಾವ ವರ್ಷದ ಬರಹದಲ್ಲಿ ಸಿಕ್ಕಿತು ಎಂಬುದೂ ಅದರಲ್ಲಿ ಇರುತ್ತದೆ. ಗ್ರಂಥಾಲಯದಲ್ಲಿ ನೋಡಿ.

ಉಚ್ಚಾರಕ್ಕೆ ಬ್ರಿಟನ್ನಿನ ಡಿಕ್ಷನರಿಗಳು ಹೆಚ್ಚಾಗಿ ಐಪಿಎ ಎಂಬ ಅಂತರರಾಷ್ಟ್ರೀಯ ಧ್ವನಿಲಿಪಿ ಬಳಸುತ್ತವೆ. ಮೆರಿಯಮ್-ವೆಬ್‌ಸ್ಟರ್ ತನ್ನದೇ ಗುರುತುಗಳನ್ನು ಬಳಸುತ್ತದೆ. ಒಂದನ್ನು ಕಲಿತುಕೊಂಡರೆ ಸಾಕು. ಕಾಗುಣಿತಕ್ಕೆ ಬ್ರಿಟಿಷ್ ಅಥವಾ ಅಮೆರಿಕನ್ ಯಾವುದಾದರೂ ಒಂದನ್ನು ಆರಿಸಿ, ಒಂದು ಬರಹದುದ್ದಕ್ಕೂ ಅದನ್ನೇ ಪಾಲಿಸಿ.

5. ಥೆಸಾರಸ್ ಯಾರಿಗೆ, ಎಂಥದ್ದು?

ಥೆಸಾರಸ್ ಎಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಪುಸ್ತಕ. ಇಂಗ್ಲಿಷಿನಲ್ಲಿ ಹೆಸರಾದದ್ದು ರೋಜೆಯವರದು. ಪೀಟರ್ ಮಾರ್ಕ್ ರೋಜೆ ವೈದ್ಯರು. ಅವರ ಥೆಸಾರಸ್ ಬಂದದ್ದು 1852ರಲ್ಲಿ. ಅದರಲ್ಲಿ ಅಕಾರಾದಿ ಪಟ್ಟಿಯ ಬದಲು ವಿಚಾರಗಳ ಪಟ್ಟಿ ಇತ್ತು. 1,000 ತಲೆಬರಹಗಳು, ಒಂದೊಂದರ ಕೆಳಗೆ ಆ ವಿಚಾರಕ್ಕೆ ಸಂಬಂಧಿಸಿದ ಪದಗಳ ಗುಂಪು. ಮನಸ್ಸಿನಲ್ಲಿ ವಿಷಯ ಇದೆ, ಪದ ನಾಲಗೆಯ ತುದಿಯಲ್ಲೇ ನಿಂತಿದೆ ಎನ್ನುವವರಿಗೆ ಅದು ವರ. ಆದರೆ ಅದು ಪದಗಳಿಗೆ ಅರ್ಥ ಹೇಳುವುದಿಲ್ಲ. ಪದಗಳ ನಡುವಿನ ವ್ಯತ್ಯಾಸ ಓದುಗರಿಗೆ ಗೊತ್ತು ಎಂದೇ ನಂಬಿ ಮಾಡಿದ ಪುಸ್ತಕ ಅದು.

ಕಲಿಯುವವರು ಎಡವುವುದು ಇಲ್ಲೇ. ಥಿನ್ ಎಂಬುದಕ್ಕೆ ಬದಲು ಹುಡುಕಿದರೆ ಸ್ಲಿಮ್, ಸ್ಕಿನ್ನಿ, ಲೀನ್, ಗಾಂಟ್ ಒಟ್ಟಿಗೆ ಸಿಗುತ್ತವೆ. ಸ್ಲಿಮ್ ಎಂದರೆ ಮೆಚ್ಚುಗೆ. ಸ್ಕಿನ್ನಿ ಎಂದರೆ ಕೇಳಿದವರಿಗೆ ಬೇಸರವಾಗಬಹುದು. ಗಾಂಟ್‌ನಲ್ಲಿ ಕಾಯಿಲೆ, ಹಸಿವಿನ ಬಳಲಿಕೆ ಇದೆ. ಪಟ್ಟಿ ಮಾತ್ರ ಇದ್ದರೆ ಇದು ಗೊತ್ತಾಗುವುದು ಹೇಗೆ? ಆದ್ದರಿಂದ ಕಲಿಯುವವರು ವ್ಯತ್ಯಾಸವನ್ನು ಬಿಡಿಸಿ ಹೇಳುವ ಥೆಸಾರಸ್ ಕೊಳ್ಳಬೇಕು. 2008ರ ಆಕ್ಸ್‌ಫರ್ಡ್ ಲರ್ನರ್ಸ್ ಥೆಸಾರಸ್ ಅಂಥದ್ದು. 1993ರಲ್ಲಿ ಮೊದಲು ಬಂದ ಲಾಂಗ್‌ಮನ್ ಲ್ಯಾಂಗ್ವೇಜ್ ಆಕ್ಟಿವೇಟರ್ ಕೂಡ ಒಂದು ವಿಚಾರದಿಂದ ಹೊರಟು ಸರಿಯಾದ ಪದಕ್ಕೆ ಕರೆದೊಯ್ಯುತ್ತದೆ. ನನಗೆ ಬಹಳ ಇಷ್ಟವಾದ ಪುಸ್ತಕ ಅದು.

ಯಾವ ಥೆಸಾರಸ್ ಆದರೂ ಪಕ್ಕದಲ್ಲಿ ಡಿಕ್ಷನರಿ ಇರಲಿ. ಪಟ್ಟಿಯಲ್ಲಿ ಹೊಸ ಪದ ಇಷ್ಟವಾಯಿತೇ? ಡಿಕ್ಷನರಿಯಲ್ಲಿ ಅದರ ಗುರುತು ನೋಡಿ, ಉದಾಹರಣೆ ವಾಕ್ಯಗಳನ್ನು ಓದಿ. ನಿಮ್ಮ ವಾಕ್ಯ ಅವುಗಳ ಹಾಗೆ ಕೇಳಿಸಿದರೆ ಬಳಸಿ. ಕೇಳಿಸದಿದ್ದರೆ ಮೊದಲಿದ್ದ ಸರಳ ಪದವೇ ಇರಲಿ. ಒಂದೇ ಪದ ಎರಡು ಸಲ ಬಂದರೆ ತಪ್ಪೇನಿಲ್ಲ. ಅದನ್ನು ತಪ್ಪಿಸಲೆಂದು ಹೊಂದದ ಪದ ತಂದರೆ ಓದುವವರು ಅಲ್ಲಿ ಮುಗ್ಗರಿಸುತ್ತಾರೆ.

6. ಕಾಲೊಕೇಶನ್ ಡಿಕ್ಷನರಿ

ಥೆಸಾರಸ್‌ಗೆ ಹೋಗುವ ಎಷ್ಟೋ ಜನರಿಗೆ ನಿಜವಾಗಿ ಬೇಕಿರುವುದು ಇದು. ಇಂಗ್ಲಿಷಿನಲ್ಲಿ ಮಳೆ ಹೆವಿ, ಟೀ ಸ್ಟ್ರಾಂಗ್. ಅದಲುಬದಲು ಮಾಡಿದರೆ ವ್ಯಾಕರಣ ಕೆಡುವುದಿಲ್ಲ, ಆದರೆ ಕಿವಿಗೆ ಒಪ್ಪುವುದಿಲ್ಲ. ಯಾವ ಪದದ ಜೊತೆ ಯಾವುದು ಬರುತ್ತದೆ ಎಂಬುದನ್ನೇ ಈ ಡಿಕ್ಷನರಿ ಹೇಳುತ್ತದೆ. ಡಿಸಿಷನ್ ತೆರೆದರೆ ಮೇಕ್, ರೀಚ್, ಟಫ್, ಹೇಸ್ಟಿ ಎಲ್ಲ ಸಾಲಾಗಿ ಸಿಗುತ್ತವೆ. ಬರೆಯುವಾಗ ನಾಮಪದ ಹೇಗೂ ಕೈಯಲ್ಲಿರುತ್ತದೆ, ಜೊತೆಯ ಪದಕ್ಕೇ ತಡಕಾಟ. ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ 2002ರಲ್ಲಿ ಮೊದಲು ಬಂತು. ಎರಡನೇ ಪುಸ್ತಕ ಕೊಳ್ಳುವಾಗ ಥೆಸಾರಸ್‌ಗಿಂತ ಮುಂಚೆ ಇದನ್ನು ಕೊಳ್ಳಿ ಎಂದೇ ನನ್ನ ಸಲಹೆ.

7. ಪುಸ್ತಕವೋ, ಆನ್‌ಲೈನೋ?

ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಜ್ ಲರ್ನರ್ಸ್ ಡಿಕ್ಷನರಿಗಳು ಆನ್‌ಲೈನಿನಲ್ಲಿ ಉಚಿತ. ಉಚ್ಚಾರವನ್ನು ಕಿವಿಯಾರೆ ಕೇಳಬಹುದು. ಹೊಸ ಪದಗಳೂ ಬೇಗ ಸೇರುತ್ತವೆ. ಆದರೆ ಆನ್‌ಲೈನ್ ಡಿಕ್ಷನರಿ ಒಂದು ದಿನ ನಿಂತೂ ಹೋಗಬಹುದು. ಬಹಳ ಜನ ನೆಚ್ಚಿಕೊಂಡಿದ್ದ ಮ್ಯಾಕ್‌ಮಿಲನ್ ಡಿಕ್ಷನರಿ 2023ರಲ್ಲಿ ಮುಚ್ಚಿತು. ಅರ್ಥಕ್ಕೆ, ಉಚ್ಚಾರಕ್ಕೆ ಆನ್‌ಲೈನ್ ಇಟ್ಟುಕೊಂಡು, ಥೆಸಾರಸ್ ಮತ್ತು ಕಾಲೊಕೇಶನ್ ಡಿಕ್ಷನರಿಯನ್ನು ಅಚ್ಚಿನಲ್ಲಿ ಕೊಳ್ಳುವುದು ಒಳ್ಳೆಯದು. ಅವುಗಳಲ್ಲಿ ಒಂದನ್ನು ಹುಡುಕುತ್ತಾ ಪಕ್ಕದ ನಾಲ್ಕು ಪದ ಕಣ್ಣಿಗೆ ಬೀಳುವುದೇ ಲಾಭ.

ಅಚ್ಚಿನ ಪ್ರತಿ ಕೊಳ್ಳುವಾಗ ಒಳಪುಟದಲ್ಲಿ ವರ್ಷ ನೋಡಿ. ಮರುಮುದ್ರಣದ ವರ್ಷ ಬೇರೆ, ಆವೃತ್ತಿಯ ವರ್ಷ ಬೇರೆ. ಹೊದಿಕೆಯ ಮೇಲೆ ವೆಬ್‌ಸ್ಟರ್ ಎಂದಿದ್ದರೆ ಪ್ರಕಾಶಕರ ಹೆಸರನ್ನೂ ಓದಿ. ಅಮೆರಿಕದಲ್ಲಿ ಆ ಹೆಸರನ್ನು ಯಾವ ಪ್ರಕಾಶಕರು ಬೇಕಾದರೂ ಬಳಸಬಹುದು. 1828ರಲ್ಲಿ ನೋವಾ ವೆಬ್‌ಸ್ಟರ್ ಹೊರತಂದ ನಿಘಂಟಿನ ಪರಂಪರೆಯನ್ನು ಮುಂದುವರಿಸಿರುವುದು ಮೆರಿಯಮ್-ವೆಬ್‌ಸ್ಟರ್.