ಸತ್ತ ಟ್ರಿಮ್ಮರ್‌ಗಳ ಜೊತೆ ಎರಡೂವರೆ ವರ್ಷ

"ಬಳಕೆದಾರರನ್ನು ಮಾತಾಡಿಸದೆ ಅದೆಂಥ ವಿನ್ಯಾಸ ಸಂಶೋಧನೆ?" ಅಂತ ಮೊದಲ ಸಭೆಯಲ್ಲೇ ಕೇಳಿದರು. ಕೇಳಿದವರು ಒಬ್ಬಿಬ್ಬರಲ್ಲ. ನಾನು ಹೇಳಿದ್ದು ಇಷ್ಟೇ: ಜನರನ್ನು ಆಮೇಲೆ ಮಾತಾಡಿಸೋಣ, ಮೊದಲು ಕೆಟ್ಟು ಮೂಲೆಗೆ ಬಿದ್ದಿರುವ ಮನೆಬಳಕೆಯ ಉಪಕರಣಗಳನ್ನು ಬಿಚ್ಚಿ ನೋಡೋಣ. ಆ ಕೆಲಸದಿಂದ ಹುಟ್ಟಿದ ಟ್ರಿಮ್ಮರಿನ ಹೊಸ ಮಾದರಿ ಈಗ ತಯಾರಾಗುತ್ತಿದೆ. ಅಂದು ನಕ್ಕವರಲ್ಲಿ ಇಬ್ಬರು, ಯಾವ ಭಾಗ ಎಷ್ಟರಲ್ಲಿ ಕೆಟ್ಟಿತ್ತು ಅನ್ನುವ ನನ್ನ ಎಣಿಕೆ ಪಟ್ಟಿ ಕಳಿಸಿಕೊಡಿ ಅಂತ ಬರೆದಿದ್ದಾರೆ. ಬೇರೆಯವರೂ ಕೇಳುವ ಮುಂಚೆ ನಾನೇ ಬರೆದುಬಿಡೋಣ ಅನಿಸಿತು.

2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಗುವಂತೆ ಮರುಬಳಕೆಗೆ ಹೋದದ್ದು ಶೇ. 22ರ ಆಸುಪಾಸು. ನಾವು ಮಾತ್ರ ಸಂದರ್ಶನ ಮಾಡುವುದೆಲ್ಲ ಕೊಳ್ಳುವವರನ್ನು. ಸಾಮಾನು ಮನೆಯಿಂದ ಹೊರಬೀಳುವ ಹೊತ್ತಿಗೆ ನಮ್ಮವರು ಅಲ್ಲಿ ಯಾರೂ ಇರುವುದಿಲ್ಲ.

ಮೊದಲ ಆರು ತಿಂಗಳು ಪೂರ್ತಿ ನೀರುಪಾಲು, ಅದೂ ಅಕ್ಷರಶಃ. ನಾನು ಹಿಡಿದದ್ದು ವಿದ್ಯುತ್ ಕೆಟಲ್. ಐವತ್ತೋ ಅರವತ್ತೋ ಬಿಚ್ಚಿದೆ. ನೀರು ಕುದಿದಾಗ ಕರೆಂಟು ಕಡಿಯುವ, ಹಿಡಿಕೆಯೊಳಗಿನ ಬೈಮೆಟಲ್ ಸ್ವಿಚ್, ಸೀಳಿದ ಮುಚ್ಚಳ, ಸುಣ್ಣ ಕಟ್ಟಿದ ತಳ ಎಲ್ಲಕ್ಕೂ ಫೋಟೊ ಸಮೇತ ದಾಖಲೆ ಮಾಡಿದೆ. ಆಮೇಲೆ ಜೀವನಚಕ್ರ ಲೆಕ್ಕ, ಅಂದರೆ ಸಾಮಾನು ತಯಾರಾಗುವುದರಿಂದ ಬಿಸಾಡುವವರೆಗೆ ಪರಿಸರಕ್ಕೆ ಬೀಳುವ ಹೊರೆಯ ಲೆಕ್ಕ ಮಾಡುವ ಗೆಳತಿ ಒಂದು ಸಂಜೆ ಹಾಳೆ ಮುಂದಿಟ್ಟಳು. ಕೆಟಲ್‌ನ ಹೊರೆಯ ಬಹುಪಾಲು ನೀರು ಕುದಿಸುವ ಕರೆಂಟಿನದು, ತಯಾರಿಕೆಯದು ಚೂರು. ಒಂದು ಲೋಟಕ್ಕೆ ಒಂದೇ ಲೋಟ ನೀರು ಹಾಕುವಂತೆ ಗುರುತು ಕಾಣಿಸಿದರೆ ನನ್ನ ಆರು ತಿಂಗಳ ರಿಪೇರಿ ವಿಚಾರಕ್ಕಿಂತ ಹೆಚ್ಚು ಲಾಭ. ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಆದರೆ ಏನು ಹುಡುಕಬೇಕು ಅನ್ನುವುದು ಅಲ್ಲೇ ಗೊತ್ತಾಯಿತು. ಬಳಸುವಾಗ ಕರೆಂಟು ಹೆಚ್ಚು ಎಳೆಯಬಾರದು, ಬೇಗ ಸಾಯುತ್ತಿರಬೇಕು, ಸತ್ತಾಗ ಮುಕ್ಕಾಲು ಭಾಗ ಗಟ್ಟಿಯಾಗೇ ಇರಬೇಕು. ಗಡ್ಡ ಕತ್ತರಿಸುವ ಟ್ರಿಮ್ಮರ್ ಈ ಮೂರಕ್ಕೂ ಸರಿಹೊಂದಿತು.

ಒಂದನ್ನು ಬಿಚ್ಚುವುದು ಹೇಗಿರುತ್ತದೆ ಹೇಳುತ್ತೇನೆ. ಸ್ಕ್ರೂ ಒಂದೂ ಇಲ್ಲ. ಎರಡು ಚಿಪ್ಪು ಸೇರುವ ಗೆರೆಗೆ ತೆಳು ಅಲಗು ತೂರಿಸಿ ಒತ್ತಿದರೆ 'ಟಕ್' ಅನ್ನುತ್ತದೆ. ಒಳಗಿನ ಕೊಕ್ಕೆ ಮುರಿದ ಸದ್ದು ಅದು. ಅಲ್ಲಿಗೆ ಅದನ್ನು ಮತ್ತೆ ಮುಚ್ಚುವ ದಾರಿ ಹೋಯಿತು. ಒಳಗೆ ಬೆರಳು ಗಾತ್ರದ ಸೆಲ್, ತುದಿಗೆ ನಿಕಲ್ ಪಟ್ಟಿಯ ಬೆಸುಗೆ. ಬೆಂಚ್ ಸಪ್ಲೈಯಿಂದ (ಪರೀಕ್ಷೆಗೆ ಕರೆಂಟು ಕೊಡುವ ಪೆಟ್ಟಿಗೆ) ಮೋಟರಿಗೆ ಎರಡು ತಂತಿ ಹಿಡಿದರೆ ಗುಂಯ್ ಅಂತ ತಿರುಗುತ್ತದೆ, ಬ್ಲೇಡು ಹೊಸದರಂತೆ ಓಡುತ್ತದೆ. ಹೀಗೆ ಸುಮಾರು ನೂರ ನಲವತ್ತು ಬಿಚ್ಚಿದ್ದೇನೆ. ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಸತ್ತದ್ದು ಬ್ಯಾಟರಿ ಇಲ್ಲವೇ ಚಾರ್ಜಿಂಗ್ ಪಿನ್ನಿನ ಬೆಸುಗೆ. ಮೋಟರ್ ಹೋದದ್ದು ಏಳೋ ಎಂಟೋ. ಒಮ್ಮೆ ಅಲಗು ಲಿಥಿಯಂ ಸೆಲ್ಲಿಗೆ ತಾಗಿ ಹೊಗೆ ಎದ್ದಿತ್ತು. ಅಂದಿನಿಂದ ಮೇಜಿನ ಪಕ್ಕ ಮರಳಿನ ಬಕೆಟ್ ಕಾಯಂ.

ದುಡ್ಡಿನ ಕತೆ ಬೇರೆಯೇ. ಅನುದಾನದಲ್ಲಿ ಸುಮಾರು ಮೂರನೇ ಒಂದು ಪಾಲು ಮಾದರಿ ತಯಾರಿಕೆಗೆ ಅಂತಿತ್ತು. ಹೊಸ ಮಾದರಿ ಮಾಡುವುದಿಲ್ಲ, ಹಳೆಯವನ್ನು ಕೊಳ್ಳುತ್ತೇನೆ ಅಂದೆ. ಲೆಕ್ಕಪತ್ರದವರು ರಸೀದಿ ಕೇಳಿದರು. ಕೆಟ್ಟ ಟ್ರಿಮ್ಮರಿಗೆ ಯಾವ ಪುಣ್ಯಾತ್ಮ ರಸೀದಿ ಬರೆದುಕೊಡುತ್ತಾನೆ? ಮೊದಲ ವರ್ಷ ಹೆಚ್ಚುಕಡಿಮೆ ಎರಡು ತಿಂಗಳ ಸಂಬಳ ಕೈಯಿಂದ ಹೋಯಿತು. ಬರೆದು ಕಳಿಸಿದ ಪ್ರಬಂಧವೂ 'ಹೊಸತನವಿಲ್ಲ' ಎಂಬ ಷರಾ ಹೊತ್ತು ವಾಪಸ್ ಬಂತು. ಹೊಸದನ್ನು ಕಡಿಮೆ ಮಾಡಿ ಅನ್ನುವ ಕೆಲಸದಲ್ಲಿ ಹೊಸತನ ಹುಡುಕುವವರಿಗೆ ಏನು ಹೇಳಲಿ.

ನಡುವೆ ಎರಡು ಕಡೆ ದಾರಿ ತಪ್ಪಿದ್ದೂ ಉಂಟು. ಪ್ಯಾಕಿಂಗಿಗೆ ಅಣಬೆಯ ಬೇರಿನಂಥ ಎಳೆಗಳಿಂದ ಅಚ್ಚು ಬೆಳೆಸಲು ಹೋದೆ, ಹೊಟ್ಟನ್ನು ಸರಿಯಾಗಿ ಹಬೆಯಾಡಿಸದೆ ಮೂರು ಸಲ ಹಸಿರು ಬೂಷ್ಟು ಹಿಡಿಯಿತು. ನಾಲ್ಕನೆಯದು ಚೆನ್ನಾಗಿ ಬಂತು, ಆದರೆ ಒಂದು ತುಂಡಿಗೆ ಹತ್ತು ದಿನ. 'ಮಣ್ಣಿಗೆ ಮರಳುತ್ತದೆ' ಎನ್ನುವ ಪಿಎಲ್‌ಎ ಎಂಬ ಸಸ್ಯಮೂಲದ ಪ್ಲಾಸ್ಟಿಕ್ಕಿನ ಚಿಪ್ಪನ್ನೂ ಹಿತ್ತಲಲ್ಲಿ ಹೂತಿದ್ದೆ. ಅದಕ್ಕೆ ಕೈಗಾರಿಕಾ ಗೊಬ್ಬರದ ಗುಂಡಿಯ 60 ಡಿಗ್ರಿ ಹತ್ತಿರದ ಬಿಸಿ ಬೇಕು ಅಂತ ಓದಿ ಗೊತ್ತಿತ್ತು, ಆದರೂ ಕಣ್ಣಾರೆ ನೋಡುವ ಹಟ. ಒಂದೂವರೆ ವರ್ಷದ ಮೇಲೆ ಅಗೆದು ತೊಳೆದೆ, ಒಳಗಿನ ಅಕ್ಷರ ಕೂಡ ಮಾಸಿರಲಿಲ್ಲ.

ಟ್ರಿಮ್ಮರ್ ತಯಾರಿಸುವ ಕಂಪನಿಯವರನ್ನು ಬಗ್ಗಿಸಿದ್ದು ನನ್ನ ಫೋಟೊಗಳಲ್ಲ, ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಉಪಕರಣದ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು. ಮುಖ್ಯವಾಗಿ ನೀರಿನ ನಡುವೆ ಬಳಸುವ, ತೊಳೆಯುವಂಥ ಉಪಕರಣಗಳಿಗೆ ಒಂದು ವಿನಾಯಿತಿ ಇದೆ; ಅವುಗಳ ಬ್ಯಾಟರಿಯನ್ನು ಸ್ವತಂತ್ರ ರಿಪೇರಿಯವರು ತೆಗೆಯುವಂತಿದ್ದರೆ ಸಾಕು. ಕಂಪನಿಯ ಎಂಜಿನಿಯರುಗಳು ಅದರಲ್ಲೇ ನುಸುಳಲು ನೋಡಿದರು. ರಿಪೇರಿಯವರಾದರೂ ಒಡೆಯದೆ ತೆರೆಯಬೇಕಲ್ಲ ಸ್ವಾಮಿ ಅಂತ ಮುರಿದ ಕೊಕ್ಕೆಗಳ ಡಬ್ಬವನ್ನು ಮೇಜಿನ ಮೇಲೆ ಸುರಿದೆ.

ಕೊನೆಗೆ ಒಪ್ಪಿದ್ದು ಎರಡು ಸ್ಕ್ರೂ, ಕನೆಕ್ಟರ್ ಇರುವ ಬ್ಯಾಟರಿ, ನೀರು ಒಳಹೋಗದಂತೆ ತಡೆಯುವ ಒಂದು ರಬ್ಬರ್ ಓ-ರಿಂಗ್. ತಯಾರಿಕಾ ವೆಚ್ಚ ಏರಿದ್ದು ಶೇ. 2ರೊಳಗೆ. ಮೊದಲ ಹತ್ತು ಮಾದರಿಗಳಲ್ಲಿ ಮೂರಕ್ಕೆ ನೀರು ನುಗ್ಗಿ, ಹಳೆಯ ನಗು ಮತ್ತೆ ಕೇಳಿಸಿತು. ರಿಂಗ್ ಕೂರುವ ಕಾಲುವೆಯನ್ನು ಆಮೇಲೆ ಹೇಗೆ ತಿದ್ದಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ರಿಪೇರಿ ಬೆಂಚಿನವರು ಬಾಯಿಬಿಡಲು ನಾನು ಮೊದಲು ಏನು ಕೇಳುತ್ತೇನೆ ಅನ್ನುವುದೂ ಅಷ್ಟೇ. ಪಟ್ಟಿ ಬೇಕಾದರೆ ಕಳಿಸುತ್ತೇನೆ.

ಈಗ ಮೇಜಿನ ಮೇಲಿರುವುದು ತಂತಿಯಿಲ್ಲದ ಇಯರ್‌ಬಡ್‌ಗಳು. ಹನ್ನೊಂದು ಬಿಚ್ಚಿದ್ದೇನೆ. ಒಡೆಯದೆ ತೆರೆದದ್ದು ಇನ್ನೂ ಒಂದೂ ಇಲ್ಲ.