ಬಣ್ಣಕ್ಕೆ ಮೊದಲು ಬ್ಲಾಸ್ಟಿಂಗ್: ನಾನು ಮಾಡುವ ರೀತಿ

ಪೀಣ್ಯದ ನಮ್ಮ ಶೆಡ್‌ಗೆ ತುಕ್ಕು ಹಿಡಿದ ಟ್ಯಾಂಕ್ ಬಂದರೆ ಮೊದಲು ಎಣ್ಣೆ, ಗ್ರೀಸ್ ತೊಳೆಸುತ್ತೇನೆ. ಬ್ಲಾಸ್ಟಿಂಗ್ ಅಂದರೆ ಒತ್ತಡದ ಗಾಳಿಯಿಂದ ಗಟ್ಟಿ ಕಣಗಳನ್ನು ಲೋಹಕ್ಕೆ ಹೊಡೆದು ತುಕ್ಕು, ಹಳೇ ಬಣ್ಣ ತೆಗೆಯುವುದು. ಅದರಿಂದ ಗ್ರೀಸ್ ಹೋಗುವುದಿಲ್ಲ, ಸುಮ್ನೆ ಹರಡುತ್ತದೆ.

ಆಮೇಲೆ ಕಂಪ್ರೆಸರ್ ಗಾಳಿಯನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟು ನೋಡಿ. ನೀರಿನ ಅಥವಾ ಎಣ್ಣೆಯ ಕಲೆ ಕಂಡರೆ ಫಿಲ್ಟರ್ ಸರಿಮಾಡಿ. ದಪ್ಪ ಉಕ್ಕಿಗೆ ನಾಝಲ್ (ಕಣಗಳು ಹೊರಬರುವ ಮೂತಿ) ಬಳಿ ಸುಮಾರು 7 ಬಾರ್ ಒತ್ತಡ ಬೇಕು. ತೆಳು ತಗಡಿಗೆ ಒತ್ತಡ ಇಳಿಸಿ, ಇಲ್ಲದಿದ್ದರೆ ಸೊಟ್ಟಗಾಗುತ್ತದೆ.

ಮರಳು ಮಾತ್ರ ಬೇಡವೇ ಬೇಡ. ಅಗ್ಗ ಅಂತ ಈಗಲೂ ಕೇಳುವವರಿದ್ದಾರೆ. ಅದರ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಆ ಕೆಲಸ ನಾನು ಒಪ್ಪುವುದಿಲ್ಲ. ಗಾರ್ನೆಟ್ (ಒಂದು ಗಟ್ಟಿ ಖನಿಜದ ಕಣ) ಅಥವಾ ಸ್ಟೀಲ್ ಗ್ರಿಟ್ (ಉಕ್ಕಿನ ಚೂಪು ಕಣ) ಹಾಕಿ. ಆಗಲೂ ಹಳೇ ಬಣ್ಣ, ತುಕ್ಕಿನ ಧೂಳು ಏಳುತ್ತದೆ ಅಲ್ವಾ? ಶುದ್ಧ ಗಾಳಿ ಪೂರೈಸುವ ಹೆಲ್ಮೆಟ್ ಇಲ್ಲದೆ ಯಾರೂ ನಾಝಲ್ ಹಿಡಿಯಬಾರದು.

ನಾಝಲ್ ಸ್ವಲ್ಪ ಓರೆಯಾಗಿರಲಿ, ಒಂದೇ ವೇಗದಲ್ಲಿ ಸಾಗಲಿ. ಹೆಚ್ಚಿನ ಕೆಲಸಕ್ಕೆ ಐಎಸ್‌ಒ 8501-1 ಎಂಬ ಅಂತರರಾಷ್ಟ್ರೀಯ ಮಾನದಂಡದ ಎಸ್‌ಎ 2½ ಮಟ್ಟ ಕೇಳುತ್ತಾರೆ, ಅಂದರೆ ತುಕ್ಕು, ಹಳೇ ಬಣ್ಣ ಹೋಗಿ ಸಣ್ಣ ಕಲೆಗಳಷ್ಟೇ ಉಳಿದಿರಬೇಕು. ಬರೀ ಹೊಳಪು ಸಾಲದು. ಬಣ್ಣ ಕಚ್ಚಲು ಒರಟುತನ ಬೇಕು, ಸಾಮಾನ್ಯವಾಗಿ 50ರಿಂದ 75 ಮೈಕ್ರಾನ್.

ಧೂಳು ಊದಿ, ಬರಿಗೈಯಿಂದ ಮುಟ್ಟದೆ, 4 ಗಂಟೆಯೊಳಗೆ ಪ್ರೈಮರ್ ಹೊಡೆಯಿರಿ. ಮಳೆಗಾಲದಲ್ಲಿ ಇನ್ನೂ ಬೇಗ.