ಸೋರಿಕೆ ನಿಲ್ಲಿಸಿದ ಎಂಟು ಇಟ್ಟಿಗೆ

ಅಪ್ಪನಿಗೆ ಲಕ್ವ ಹೊಡೆದ ಮೇಲೆ ಹದಿನಾಲ್ಕು ತಿಂಗಳು ಯೂರೋಬ್ಯಾಗ್ (ಮೂತ್ರ ತುಂಬಿಕೊಳ್ಳುವ ಚೀಲ) ನಾನೇ ನೋಡಿಕೊಂಡೆ. ಮೊದಲ ಎರಡು ತಿಂಗಳು ದಿನಾ ಒದ್ದೆ ಹಾಸಿಗೆ. ಬೆಳಿಗ್ಗೆ ಬ್ಯಾಗ್‌ನಲ್ಲಿ 200 ಎಂಎಲ್ ಕೂಡ ಇರುತ್ತಿರಲಿಲ್ಲ, ಪಂಚೆ ಮಾತ್ರ ನೆನೆದಿರುತ್ತಿತ್ತು. ಎಲ್ಲ ಕ್ಯಾತಿಟರ್, ಅಂದರೆ ಮೂತ್ರಕೋಶಕ್ಕೆ ಹಾಕಿದ ಪೈಪಿನ ಪಕ್ಕದಿಂದಲೇ ಸೋರುತ್ತಿತ್ತು.

ಪೈಪು ಸಣ್ಣದಾಯಿತು ಎಂದರು. 16 ನಂಬರಿನ ಬದಲು ಇನ್ನೂ ದಪ್ಪನೆಯ 18 ನಂಬರಿನದು ಹಾಕಿಸಿದೆವು. ಸೋರಿಕೆ ಇನ್ನೂ ಜಾಸ್ತಿಯಾಯಿತು. ಮನೆಗೆ ಬಂದು ಬದಲಿಸುವವರಿಗೆ ಪ್ರತಿ ಸಲ ಆರೇಳು ನೂರು. ಡೈಪರ್, ರಬ್ಬರ್ ಶೀಟು, ಹೊಸ ಬ್ಯಾಗ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಗಿರಬೇಕು. ಬೆನ್ನು ಹುಣ್ಣಾಗುತ್ತದೆ ಎಂಬ ಭಯಕ್ಕೆ ನಿದ್ದೆಯೂ ಬರುತ್ತಿರಲಿಲ್ಲ.

ಒಂದು ರಾತ್ರಿ ಸುಮ್ನೆ ಪೈಪಿನಿಂದ ಬ್ಯಾಗ್‌ಗೆ ಹೋಗುವ ಟ್ಯೂಬನ್ನೇ ನೋಡುತ್ತ ಕೂತೆ. ನಮ್ಮದು ಅಜ್ಜನ ಕಾಲದ ತಗ್ಗು ಮಂಚ. ಬ್ಯಾಗ್ ನೆಲಕ್ಕೆ ತಾಗಬಾರದೆಂದು ಮೇಲಕ್ಕೆ ಕಟ್ಟಿದ್ದೆ. ಉಳಿದ ಟ್ಯೂಬು ಬ್ಯಾಗ್‌ನ ಬಾಯಿಗಿಂತ ಕೆಳಗೆ ಜೋಲಿಯಂತೆ ಜೋತು ಬಿದ್ದಿತ್ತು. ಅಲ್ಲಿ ಮೂತ್ರ ನಿಂತು, ಹಿಂದೆ ಗಾಳಿ ಕಟ್ಟಿತ್ತು. ಜೋಲಿಯನ್ನು ಬ್ಯಾಗ್ ಕಡೆಗೆ ಬಗ್ಗಿಸಿ ಖಾಲಿ ಮಾಡಿದೆ. ಹಿಂದೆಯೇ ಒಂದೇ ಸಲಕ್ಕೆ 300 ಎಂಎಲ್ ಇಳಿಯಿತು!

ಟ್ಯೂಬು ಜೋಲದೆ ನೆಟ್ಟಗೆ ಇಳಿಯಲು ಬೇಕಿದ್ದದ್ದು ಎತ್ತರ. ಬೆಳಿಗ್ಗೆ ಮಂಚದ ಕಾಲಿಗೆ ಎರಡೆರಡು ಇಟ್ಟಿಗೆ ಕೊಟ್ಟೆ. ಆರು ಇಂಚು ಏರಿತು. “ಮಂಚ ಎತ್ತಿದ್ರೆ ಉಚ್ಚೆ ಬರುತ್ತಾ?” ಎಂದರು ಸೋದರಮಾವ. ಪೈಪು ಹಾಕುವವರೂ ನಂಬಲಿಲ್ಲ. ಮೂರನೇ ದಿನ ಹಾಸಿಗೆ ಒಣಗಿತ್ತು. ಮುಂದಿನ ಒಂದು ವರ್ಷದಲ್ಲಿ ನಾಲ್ಕೈದು ಸಲ ಸೋರಿರಬಹುದು, ಅದೂ ಮಲ ಕಟ್ಟಿದಾಗ. ಇದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡೆ.

ಇಟ್ಟಿಗೆ ಅಲುಗುತ್ತಿತ್ತು. ಆಮೇಲೆ ಬಡಗಿಯಿಂದ ಗುಣಿ ತೆಗೆದ ಮರದ ದಿಮ್ಮಿ ಮಾಡಿಸಿದೆ, ನಾಲ್ಕಕ್ಕೆ ಎಂಟುನೂರೋ ಏನೋ. ಟ್ಯೂಬು ಜಗ್ಗದ ಹಾಗೆ ನಾನು ಬಗ್ಗಿಸಿದ ತಂತಿ ಕೊಕ್ಕೆಯ ವಿಷಯ ಇಲ್ಲಿ ಬರೆಯುವುದಿಲ್ಲ. ಅದನ್ನು ಮಂಚ ನೋಡಿ, ಕೈಯಲ್ಲೇ ತೋರಿಸಬೇಕು.

ಬ್ಯಾಗ್ 2000 ಎಂಎಲ್‌ದಾದರೂ ನಾನು 1000 ದಾಟಲು ಬಿಡುತ್ತಿರಲಿಲ್ಲ. ಭಾರಕ್ಕೆ ಪೈಪು ಎಳೆಯುತ್ತದೆ, ಅಪ್ಪ ಮುಖ ಕಿವುಚುತ್ತಿದ್ದರು. ಬ್ಯಾಗ್ ಮೇಲಿನ ಗೆರೆ ನಂಬಬಹುದಾ ಎಂದು ಒಂದು ವಾರ ಜಗ್‌ನಲ್ಲಿ ಅಳೆದೆ. ಬ್ಯಾಗ್ 700 ತೋರಿಸಿದರೆ ಜಗ್‌ನಲ್ಲಿ 600 ಚಿಲ್ಲರೆ. ಆಮೇಲೆ ಜಗ್ ಲೆಕ್ಕವನ್ನೇ ಬರೆದಿಟ್ಟೆ. ವಾಸನೆಗೆಂದು ಬ್ಯಾಗ್‌ಗೆ ಡೆಟಾಲ್ ಹಾಕಿಯೂ ನೋಡಿದೆ. ಏನೂ ಪ್ರಯೋಜನ ಆಗಲಿಲ್ಲ, ಡಾಕ್ಟರು ಬೇಡವೇ ಬೇಡ ಎಂದರು.

ಒಮ್ಮೆ ಬ್ಯಾಗ್ ಪೂರ್ತಿ ನೇರಳೆ ಬಣ್ಣಕ್ಕೆ ತಿರುಗಿತು. ಕೈಕಾಲು ನಡುಗಿತು ನನಗೆ. ಮಲಬದ್ಧತೆ ಇದ್ದು, ಮೂತ್ರದಲ್ಲಿ ಕೆಲವು ಬ್ಯಾಕ್ಟೀರಿಯಾ ಸೇರಿದರೆ ಹೀಗಾಗುತ್ತದಂತೆ. ಔಷಧಿ ಕೊಟ್ಟು ಹೊಟ್ಟೆ ಸರಿಮಾಡಿ, ಪೈಪು, ಬ್ಯಾಗ್ ಎರಡೂ ಬದಲಿಸಿದರು. ನೇರಳೆ ಮತ್ತೆ ಬರಲಿಲ್ಲ.

ಟ್ಯೂಬು ನೆಟ್ಟಗಿದ್ದೂ ಬ್ಯಾಗ್ ಖಾಲಿಯೇ ಇದ್ದು, ಕೆಳಹೊಟ್ಟೆ ಬಿಗಿದರೆ ಮಂಚ, ಇಟ್ಟಿಗೆ ಎಂದು ಕೂರಬೇಡಿ. ಪೈಪು ಕಟ್ಟಿಕೊಂಡಿರಬಹುದು. ನಮಗೆ ಎರಡು ಸಲ ಆಯಿತು, ಎರಡೂ ಸಲ ರಾತ್ರಿಯೇ ಆಟೋ ಹಿಡಿದು ಆಸ್ಪತ್ರೆಗೆ ಹೋದೆವು.